ಮಾವನ ಪದಕ್ಕೆ ವೇಗ ಏರಿಸಿದ್ದು

ನನ್ನ ಬಳಿ ಹಾಡು ಮಾಡಿಸಿಕೊಳ್ಳಲು ಬರುವವರೆಲ್ಲರ ಬಾಯಲ್ಲೂ ಒಂದೇ ಮಾತು: ಇನ್ನೊಂಚೂರು ಜೋರು ಮಾಡಿ. ಬೋನಾಲು ಹಬ್ಬಕ್ಕೆ ಡಿಜೆ ಹಾಡು ಬೇಕೆಂದು ಬಂದವನೂ ಅದನ್ನೇ ಹೇಳುತ್ತಾನೆ, ಚುನಾವಣೆಯ ಪ್ರಚಾರಕ್ಕೆ ಹಾಡು ಕಟ್ಟಿಸುವವನೂ ಅದನ್ನೇ ಹೇಳುತ್ತಾನೆ, ಮಗಳ ಅರಿಶಿನದ ದಿನಕ್ಕೆ ಹಾಡು ಕೇಳಲು ಬಂದ ತಾಯಿ ಕೂಡ ತೆಲುಗಿನಲ್ಲಿ "ಕೊಂಚೆಂ ಸ್ಪೀಡ್ ಪೆಂಚಂಡಿ" ಎನ್ನುತ್ತಾಳೆ. ಇಷ್ಟು ಅವಸರದಲ್ಲಿ ಇವರೆಲ್ಲ ಎಲ್ಲಿಗೆ ಹೊರಟಿದ್ದಾರೋ ದೇವರೇ ಬಲ್ಲ. ಮಾದಾಪುರದ ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಮಾಡಿ ಆಕಾಶ ನೋಡುತ್ತ ನಿಲ್ಲುವ ಜನ ಇವರೇ. ಹಾಡು ಮಾತ್ರ ಓಡಬೇಕು. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅಂಕಿ ಏರಿಸುತ್ತೇನೆ.

ಅಂಕಿ ಎಂದರೆ, ಹಾಡು ಕಟ್ಟುವ ಸಾಫ್ಟ್‌ವೇರಿನ ನೆತ್ತಿಯ ಮೇಲೆ ಕಾಣುವ ಒಂದು ಸಂಖ್ಯೆ. ನಿಮಿಷಕ್ಕೆ ತಾಳದ ಪೆಟ್ಟು ಎಷ್ಟು ಎಂಬುದನ್ನು ಅದು ಹೇಳುತ್ತದೆ. ಎಪ್ಪತ್ತು ಇದ್ದದ್ದನ್ನು ಅಳಿಸಿ ತೊಂಬತ್ತು ಎಂದು ಬರೆದರೆ ಮುಗಿಯಿತು, ಕಂಪ್ಯೂಟರಿನೊಳಗೇ ಹುಟ್ಟಿದ ಡೋಲು, ತಮಟೆ, ಕೀಬೋರ್ಡು ಎಲ್ಲ ಒಂದು ಮಾತಾಡದೆ ಹೊಸ ವೇಗಕ್ಕೆ ಬಂದುಬಿಡುತ್ತವೆ. ಮೈಕಿನ ಮುಂದೆ ಮನುಷ್ಯ ಹಾಡಿದ್ದು ಹಾಗೆ ಬರುವುದಿಲ್ಲ. ಅದನ್ನು ಬೇರೆಯಾಗಿ ಹಿಡಿದು ಹಿಗ್ಗಿಸಬೇಕು, ಇಲ್ಲವೇ ಕುಗ್ಗಿಸಬೇಕು. ಸ್ವಲ್ಪ ಕುಗ್ಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಭಾಳ ಕುಗ್ಗಿಸಿದರೆ ಗೊತ್ತಾಗುತ್ತದೆ. ಇಷ್ಟೇ ನನ್ನ ವಿದ್ಯೆ, ಇದರಲ್ಲೇ ಹೊಟ್ಟೆ ಹೊರೆದುಕೊಂಡು ಬಂದಿದ್ದೇನೆ.

ನನ್ನ ಅಪ್ಪ ಈ ತೆಲುಗು ಊರಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಅವರ ಹಿಂದೆ ರಾಯಚೂರು ಕಡೆಯ ಹಳ್ಳಿಯಿಂದ ಅವ್ವ ಬಂದಳು, ಅವ್ವನ ಹಿಂದೆ ಅವಳ ತಮ್ಮ ಬಂದ. ಆ ತಮ್ಮನೇ ಈ ಬರಹದ ನನ್ನ ಸೋದರಮಾವ. ಓದಿಲ್ಲ, ಆದರೆ ಮೈಯಲ್ಲಿ ಶಕ್ತಿ ಇತ್ತು. ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ಒಂದು ಬಿಟ್ಟರೆ ಇನ್ನೊಂದು ಎಂದು ಜೀವಮಾನವಿಡೀ ದುಡಿದ. ಅಪ್ಪ ಅವ್ವ ಹೋದಮೇಲೆ ನನಗೆ ಉಳಿದದ್ದು ಮಾವ ಮತ್ತು ಅತ್ತೆ ಇಬ್ಬರೇ. ಅವರು ಕೆಳಗಿನ ಎರಡು ಕೋಣೆಯಲ್ಲಿ, ನಾನು ಮೇಲಿನ ಒಂದು ಕೋಣೆಯಲ್ಲಿ. ಆ ಕೋಣೆಯೇ ನನ್ನ ಸ್ಟುಡಿಯೊ. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಗೋಡೆಗೆಲ್ಲ ಅತ್ತೆ ಹೊಲಿದ ಕೌದಿಗಳನ್ನು ಮೊಳೆ ಹೊಡೆದು ತೂಗುಬಿಟ್ಟಿದ್ದೆ. ಊಟ ಅವರ ಮನೆಯಲ್ಲಿ. ಮದುವೆ ಯಾಕೆ ಆಗಲಿಲ್ಲ ಎಂದು ಅತ್ತೆ ಇವತ್ತಿಗೂ ರೊಟ್ಟಿ ಬಡಿಯುತ್ತ ಗೊಣಗುತ್ತಾಳೆ, ಅದು ಇಲ್ಲಿ ಬೇಡ.

ಮಾವ ಮೊಹರಮ್ಮಿನ ಹೆಜ್ಜೆ ಪದ ಹಾಡುವವನು. ನಮ್ಮ ಕಡೆ ಈ ಹಬ್ಬಕ್ಕೆ ಜಾತಿ-ಗೀತಿ ಎಂಬುದಿಲ್ಲ, ಊರಿಗೆ ಊರೇ ಅಲಾಯಿ ದೇವರಿಗೆ ನಡೆದುಕೊಳ್ಳುತ್ತದೆ. ಇಲ್ಲಿ ಸ್ಲ್ಯಾಬ್ ಹಾಕುವ ಕೆಲಸಕ್ಕೆ, ಗೋಡೆ ಕಟ್ಟುವ ಕೆಲಸಕ್ಕೆ ಬಂದ ನಮ್ಮ ಮಂದಿ ರಜೆ ಸಿಗದೆ ಊರಿಗೆ ಹೋಗಲಾಗದಿದ್ದರೆ ತಮ್ಮ ಶೆಡ್ಡುಗಳ ಹಿಂದಿನ ಬಯಲಲ್ಲೇ ಒಂದು ಕುಣಿ ತೋಡಿ ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುತ್ತಾರೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ದಸ್ತಿ. ದಸ್ತಿ ಎಂದರೆ ಕರವಸ್ತ್ರ. ಮುಂದಾಳು ಕರ್ಬಲಾದ ಕಥೆಯ ಒಂದು ಸಾಲು ಎತ್ತಿಕೊಡುತ್ತಾನೆ, ಸುತ್ತಿನ ಮಂದಿ ಅದನ್ನು ಹಿಂದೆ ಹೇಳುತ್ತ ಹೆಜ್ಜೆ ಹಾಕುತ್ತಾರೆ, ಅವರು ಹೇಳುವಷ್ಟರಲ್ಲಿ ಮುಂದಾಳು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಸಿದ್ಧನಾಗುತ್ತಾನೆ. ವೇಗ ಯಾರ ಕೈಯಲ್ಲಿ ಎಂದರೆ ಮುಂದಾಳಿನ ದಸ್ತಿಯ ಕೈಯಲ್ಲಿ. ಮಾವ ದಸ್ತಿ ಬೀಸಿದರೆ ಹೆಜ್ಜೆ ಏರುತ್ತದೆ, ನೆತ್ತಿಯ ಮೇಲೆ ಎತ್ತಿ ಹಿಡಿದರೆ ಇಳಿಯುತ್ತದೆ. ಕೊನೆಯ ನುಡಿ ಕರ್ಬಲಾದ ರಣದಲ್ಲಿ ನೀರು ಸಿಗದೆ ಬಾಯಾರಿ ಮಡಿದ ಕೂಸಿನದು. ಆ ನುಡಿಗೆ ಅವನು ದಸ್ತಿ ಎತ್ತಿ ಹಿಡಿದನೆಂದರೆ ಅಷ್ಟೂ ಜನ ಕಾಲು ಎಳೆದುಕೊಂಡು, ಗೆಜ್ಜೆ ಸದ್ದೂ ಮಾಡದೆ ನಡೆಯುತ್ತಿದ್ದರು. ಚಿಕ್ಕಂದಿನಿಂದ ನೋಡಿದ್ದೇನೆ. ಸಂಗೀತದ ವಿಷಯದಲ್ಲಿ ನನಗೆ ಒಣ ಜಂಭ ಬಹಳ, ಆದರೆ ಅದನ್ನು ನೋಡಿ ಅಳದೆ ಇದ್ದ ವರ್ಷ ನೆನಪಿಲ್ಲ.

ಆಮೇಲೆ ಮಾವನ ಪುಪ್ಪುಸ ಕೆಟ್ಟಿತು. ಕಾರ್ಖಾನೆಯ ಗಾಳಿಯೋ, ಬೀಡಿಯೋ, ಎರಡೂ ಸೇರಿಯೋ ಯಾರಿಗೆ ಗೊತ್ತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಮೆಟ್ಟಿಲು ಹತ್ತಬೇಡಿ, ಹೊಗೆಯ ಬಳಿ ಹೋಗಬೇಡಿ, ಜೋರಾಗಿ ಮಾತಾಡಬೇಡಿ ಎಂದರು. ಹಾಡಬೇಡಿ ಎಂದು ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಇದು ಕಡಿಮೆ ಆಗುವ ರೋಗವಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದರೆ ಮಾವ ಅಂಗಿ ಗುಂಡಿ ಹಾಕಿಕೊಳ್ಳುತ್ತ, "ಹೊರಗ ಕರದು ಹೇಳ್ಯಾರಂದ್ರ ನನಗ ತಿಳೀತು ಬಿಡು" ಎಂದ.

ಹೋದ ವರ್ಷ ಹಬ್ಬ ಹತ್ತಿರ ಬಂದಾಗ ಗುಂಪಿನ ಮೇಸ್ತ್ರಿ ಮಾವನನ್ನು ಮಾತಾಡಿಸಲು ಬಂದ. ನಮ್ಮ ಕಡೆಯವನೇ, ಕೂಲಿಯವರನ್ನು ಊರಿಂದ ಕರೆತರುವವನು. ಒಳ್ಳೆಯವನೇ. ಆದರೆ ಚಹಾ ಕುಡಿಯುತ್ತ ಅವನು ಆಡಿದ ಮಾತು ಮಾವನಿಗೆ ನಾಟಿತು.

"ನೀವೇನ್ ತಲೀ ಕೆಡಿಸ್ಕೋಬ್ಯಾಡ್ರಿ ಕಾಕಾ. ಫೋನಿನ್ಯಾಗ ಮಸ್ತ್ ಹೆಜ್ಜಿ ಪದ ಅದಾವು, ಡಿಜೆ ಹಾಕಿದ್ದು. ಡಬ್ಬಿಗೆ ಹಚ್ಚಿ ಕುಣೀತೀವಿ."

ಡಬ್ಬಿ ಎಂದರೆ ಸ್ಪೀಕರು. ಮೇಸ್ತ್ರಿ ಹೋದಮೇಲೆ ಮಾವ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೂಗಿದ. ಕೂಗಿದ್ದಕ್ಕೇ ಕೆಮ್ಮು ಹತ್ತಿತು. ನಾನು ಇಳಿದು ಬರುವವರೆಗೆ ಗೋಡೆ ಹಿಡಿದು ನಿಂತಿದ್ದ.

"ಅಳಿಯಾ, ನನ್ನ ದನಿ ಹಿಡದು ಕೊಡು. ಅವ್ರು ಡಬ್ಬಿಗೇ ಕುಣೀಲಿ. ಆದ್ರ ಡಬ್ಬಿಯೊಳಗ ನಾ ಇರಬೇಕು. ಈ ವರ್ಷ ಒಂದ್ ಆಗ್ಲಿ."

ಆಯಿತು ಎಂದೆ. ಆಗದೆ ಏನು, ಜೀವಮಾನದಲ್ಲಿ ಅವನು ನನ್ನಲ್ಲಿ ಕೇಳಿದ್ದು ಅದೊಂದೇ.

ಅವನು ಮೇಲೆ ಬರುವಂತಿರಲಿಲ್ಲ, ಹಾಗಾಗಿ ನಾನೇ ಕಂಪ್ಯೂಟರು, ಮೈಕು, ತಂತಿ, ಕೌದಿ ಎಲ್ಲವನ್ನೂ ಹೊತ್ತು ಕೆಳಗೆ ತಂದು ಅವರ ಮುಂದಿನ ಕೋಣೆಯಲ್ಲಿ ಹೂಡಿದೆ. ಆಮೇಲೆ ಅವು ಅಲ್ಲೇ ಉಳಿದವು. ಮಾವನ ಕಿವಿಗೆ ಹೆಡ್‌ಫೋನ್ ಹಾಕಿ, ತಾಳದ ಟಿಕ್ ಟಿಕ್ ಕೇಳಿಸಿ, ಇದರ ಜೊತೆ ಹಾಡು ಎಂದೆ. ಅವನು ಸ್ವಲ್ಪ ಹೊತ್ತು ಕೇಳಿದ.

"ಇದು ಯಾರ ಕಾಲು?"

"ಯಾರದೂ ಅಲ್ಲ ಮಾವಾ. ಕಂಪ್ಯೂಟರಿನ ತಾಳ."

"ಮತ್ತ ಕಾಲಽ ಇಲ್ಲಂದ್ರ ನಾ ಯಾರ ಸಲುವಾಗಿ ಹಾಡ್ಲಿ?"

ಹಠವಲ್ಲ ಅದು, ಅವನಿಗೆ ನಿಜಕ್ಕೂ ಬಾಯಿ ಬರಲಿಲ್ಲ. ಒಂದು ಸಾಲು ಹಾಡುತ್ತಾನೆ, ಹಿಂದೆ ಹೇಳುವವರಿಗಾಗಿ ಕಾಯುತ್ತಾನೆ, ಯಾರೂ ಹೇಳುವುದಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಾನೆ. ಟಿಕ್ ಟಿಕ್ ಒಂದು ಕಡೆ, ಅವನು ಒಂದು ಕಡೆ. ನನಗೆ ತಲೆ ಕೆಟ್ಟು, "ಅಯ್ಯೋ ಹಾಡೋ ಮಾರಾಯ" ಎಂದು ರೇಗಿದೆ. ಆಗ ಅತ್ತೆ ಅಡಿಗೆಮನೆಯಿಂದ ಬಂದಳು. ಸೆರಗು ಸಿಕ್ಕಿಸಿಕೊಂಡು, ಮಾವನ ತಲೆಯ ಮೇಲಿನ ಹೆಡ್‌ಫೋನ್ ತೆಗೆದು ತನ್ನ ತಲೆಗೆ ಹಾಕಿಕೊಂಡಳು.

"ನಾ ಹೆಜ್ಜಿ ಹಾಕ್ತೀನಿ. ನೀವು ನನ್ನ ಕಾಲ ನೋಡ್ಕೊಂಡು ಹಾಡ್ರಿ."

ನಮ್ಮಲ್ಲಿ ಹೆಂಗಸರು ಆ ಸುತ್ತಿನಲ್ಲಿ ಹೆಜ್ಜೆ ಹಾಕುವುದಿಲ್ಲ. ದೂರ ನಿಂತು ನೋಡಿದ್ದಷ್ಟೇ ಅವಳ ಲೆಕ್ಕ. ಆದರೆ ಒಂದೂ ತಪ್ಪಲಿಲ್ಲ. ನೆಲಕ್ಕೆ ಹಾಸಿದ ಕೌದಿಯ ಮೇಲೆ ಬರಿಗಾಲಲ್ಲಿ, ಸದ್ದಾಗದಂತೆ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ, ತನಗೆ ಮಾತ್ರ ಕೇಳುವ ತಾಳಕ್ಕೆ ಸುತ್ತತೊಡಗಿದಳು. ಪ್ರತಿ ಸಾಲಾದ ಮೇಲೆ ಹಿಂದೆ ಹೇಳುವವರಂತೆ ಬಾಯಿ ಆಡಿಸುತ್ತಿದ್ದಳು, ದನಿ ಬಿಡುತ್ತಿರಲಿಲ್ಲ. ಮಾವ ಅವಳ ಪಾದ ನೋಡುತ್ತ ಹಾಡಿದ. ಇಬ್ಬರೂ ನನ್ನನ್ನು ಮರೆತರು. ಹತ್ತಾರು ವರ್ಷ ಕಂಡವರ ಹಾಡು ಹಿಡಿದಿದ್ದೇನೆ, ಅಷ್ಟು ಚಂದದ ರೆಕಾರ್ಡಿಂಗ್ ನನ್ನ ಕೈಯಲ್ಲಿ ಆಗಿದ್ದು ಅದೊಂದೇ ಸಲ.

ಆದರೆ ಬಯಲಲ್ಲಿ ಹೆಜ್ಜೆ ಹಾಕುವ ವೇಗ ತೊಂಬತ್ತು. ಆ ವೇಗದಲ್ಲಿ ಮಾವನಿಗೆ ಅರ್ಧ ಸಾಲು ಮುಗಿಸುವಷ್ಟರಲ್ಲಿ ಕೆಮ್ಮು ನುಗ್ಗುತ್ತಿತ್ತು. ಎಂಬತ್ತಕ್ಕೆ ಇಳಿಸಿದೆ, ಆಗಲಿಲ್ಲ. ಎಪ್ಪತ್ತಕ್ಕೆ ಇಳಿಸಿದಾಗ ದಾರಿಗೆ ಬಂತು. ಈಗ ನಿಧಾನ ಹಾಡಲಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಏರಿಸಿಕೊಂಡರಾಯಿತು ಎಂದುಕೊಂಡೆ. ನನ್ನ ಕಸುಬಿನವರೆಲ್ಲ ಹೀಗೇ ಎಂದುಕೊಳ್ಳುತ್ತೇವೆ. ಈಗ ಆಗದ್ದನ್ನೆಲ್ಲ ಆಮೇಲೆ ಮಾಡಬಹುದು ಎನ್ನುವುದರ ಮೇಲೇ ನಮ್ಮ ಅಂಗಡಿ ನಡೆಯುವುದು.

ಕೊನೆಯ ನುಡಿ ಬಂತು. ಮಾವ ಅಭ್ಯಾಸದಂತೆ ದಸ್ತಿ ಎತ್ತಿ ಹಿಡಿದ. ಅತ್ತೆಯ ಕಾಲು ತಡವರಿಸಿತು. ಕಿವಿಯೊಳಗಿನ ತಾಳ ಇಳಿದಿರಲಿಲ್ಲ, ಗಂಡನ ಕೈ ಮೇಲಿತ್ತು. ಅವಳು ನನ್ನ ಕಡೆ ನೋಡಿದಳು. ಇಳಿಸಬೇಡ, ಅದೇ ವೇಗದಲ್ಲಿ ಹೋಗು ಎಂದು ಕೈಸನ್ನೆ ಮಾಡಿದೆ. ತಾಳ ಒಂದೇ ಸಮ ಇದ್ದರೆ ಆಮೇಲೆ ಏರಿಸುವುದು ಸುಲಭ. ಅವಳು ಹೆಜ್ಜೆ ಮುಂದುವರಿಸಿದಳು. ಮಾವ ದಸ್ತಿ ಇಳಿಸಿ, ಮುಖ ಸಿಂಡರಿಸಿಕೊಂಡೇ ಆ ನುಡಿಯನ್ನೂ ಅದೇ ವೇಗದಲ್ಲಿ ಹಾಡಿ ಮುಗಿಸಿದ. ಮುಗಿದಮೇಲೆ ಮಂಚಕ್ಕೆ ಒರಗಿದ.

"ಆ ನುಡಿ ಹಂಗ ಓಡಬಾರದು" ಎಂದ.

"ಅಲ್ಲಿ ನಾ ಇಳಸ್ತೀನಿ ಮಾವಾ, ಕಂಪ್ಯೂಟರಿನ್ಯಾಗ ಆಗತೈತಿ."

ಮರುದಿನ ಅದರ ಮುಂದೆ ಕೂತೆ. ಮೊದಲು ಡೋಲು, ಹಲಗೆ, ಗೆಜ್ಜೆ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಟ್ಟಿ ಮಾವನ ದನಿಯ ಕೆಳಗೆ ಇಟ್ಟೆ. ಎಪ್ಪತ್ತರಲ್ಲಿ ಎಲ್ಲವೂ ಒಂದಕ್ಕೊಂದು ಕೂತವು. ಆಮೇಲೆ ಎಪ್ಪತ್ತನ್ನು ಅಳಿಸಿ ತೊಂಬತ್ತು ಬರೆದೆ. ಮಾವನ ದನಿಗೂ ಹೊಸ ವೇಗಕ್ಕೆ ಬಾ ಎಂದು ಹೇಳುವುದನ್ನು ಮರೆತಿದ್ದೆ. ಡೋಲು ಓಡಿತು, ಮಾವ ಹಿಂದೆಯೇ ಉಳಿದ. ಎರಡನೆಯ ಸಾಲಿಗೆ ಡೋಲು ಎಲ್ಲೋ, ಮಾವ ಎಲ್ಲೋ. ಅತ್ತೆ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು, "ಬಸ್ ತಪ್ಪಿಸ್ಕೊಂಡಂಗಾತಲ್ಲೋ ನಿಮ್ಮ ಮಾವಾ!" ಮಾವನೂ ನಕ್ಕ. ಆ ಮನೆಯಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕೊನೆಯದಾಗಿ ಕೇಳಿದ್ದು ಅದೇ.

ದನಿಯನ್ನು ಕುಗ್ಗಿಸಿದೆ. ತೊಂಬತ್ತಕ್ಕೆ ಕೂತಿತು. ಕೂತಿತು, ಆದರೆ ಹಾಳಾಗಿ ಹೋಯಿತು. ಎಳೆದು ಹಾಡಿದ ಕಡೆ ತಗಡಿನ ನಡುಕ ಬಂತು. ಕರ್ಬಲಾ ಎನ್ನುವಾಗ ನಡುವಿನ ರೇಫ ನುಂಗಿಹೋಯಿತು. ಕುಗ್ಗಿಸುವ ಬಗೆಗಳು ಹಲವು ಇರುತ್ತವೆ, ಒಂದೊಂದನ್ನೂ ಹಚ್ಚಿ ನೋಡಿದೆ. ಸಾಲಿನಿಂದ ಸಾಲಿಗೆ ಬೇರೆ ಮಾಡಿ, ಅಕ್ಷರದಿಂದ ಅಕ್ಷರಕ್ಕೆ ಬೇರೆ ಮಾಡಿ ತಿದ್ದಿದೆ. ದನಿ ಒಂದು ಮಟ್ಟಕ್ಕೆ ಬಂತು. ಉಳಿದದ್ದು ಉಸಿರು.

ಮಾವ ಸಾಲು ಸಾಲಿನ ನಡುವೆ ಉಸಿರು ಎಳೆದುಕೊಂಡದ್ದನ್ನೂ ಮೈಕು ಹಿಡಿದಿತ್ತು. ಎಪ್ಪತ್ತರಲ್ಲಿ ಅದು ಆಯಾಸಗೊಂಡ ಮನುಷ್ಯನ ಉಸಿರು, ಹಾಡಿನ ಜೊತೆಗೇ ಹೋಗುತ್ತಿತ್ತು. ತೊಂಬತ್ತರಲ್ಲಿ ಅದನ್ನು ಕೇಳಲಾಗಲಿಲ್ಲ. ಯಾರೋ ಅವನ ಮೂಗು ಬಾಯಿ ಒತ್ತಿ ಹಿಡಿದು, ಬಿಟ್ಟು, ಮತ್ತೆ ಹಿಡಿದಂತೆ. ಅತ್ತೆ ಎದ್ದು ಹಿತ್ತಲಿಗೆ ಹೋದಳು. ನಾನು ನಿಲ್ಲಿಸಿದೆ.

ಉಸಿರುಗಳನ್ನು ಒಂದೊಂದಾಗಿ ಕತ್ತರಿಸಿದೆ. ಕತ್ತರಿಸಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದವು, ಅವನ್ನು ಖಾಲಿ ಕೋಣೆಯ ಸದ್ದು ತುಂಬಿ ಮುಚ್ಚಿದೆ. ಇಡೀ ಪದದಲ್ಲಿ ಒಂದೂ ಉಸಿರು ಉಳಿಯಲಿಲ್ಲ. ಕೊನೆಯ ನುಡಿಗೆ ಬಂದೆ. ಅಲ್ಲಿಂದ ಅಂಕಿಯನ್ನು ಇಳಿಜಾರಿನಂತೆ ತೊಂಬತ್ತರಿಂದ ಐವತ್ತಕ್ಕೆ ಇಳಿಸಿದೆ. ಸಾಫ್ಟ್‌ವೇರಿನಲ್ಲಿ ಅದೂ ಆಗುತ್ತದೆ. ಡೋಲು ಇಳಿಯಿತು. ಆದರೆ ಮಾವ ಆ ನುಡಿಯನ್ನು ಓಡುವ ನುಡಿಯಂತೆಯೇ ಹಾಡಿದ್ದನಲ್ಲ, ಅದನ್ನು ಎಳೆದರೆ ದುಃಖ ಬರಲಿಲ್ಲ, ಬ್ಯಾಟರಿ ಮುಗಿದ ಟೇಪಿನ ದನಿ ಬಂತು. ಮತ್ತೊಮ್ಮೆ ಹಾಡಿಸೋಣವೆಂದರೆ ಅಷ್ಟರಲ್ಲಿ ಮಾವನಿಗೆ ಜ್ವರ ಹತ್ತಿ, ಆಸ್ಪತ್ರೆಗೆ ಹೋಗಿ, ಉಸಿರಿನ ಯಂತ್ರದ ಸಮೇತ ಮನೆಗೆ ಬಂದಿದ್ದ. ಒಳಕೋಣೆಯಲ್ಲಿ ಅದು ಒಂದೇ ಸಮ ಗುರ್‌ ಎನ್ನುತ್ತಿತ್ತು. ಹಾಡುವುದಿರಲಿ, ಊಟದ ತುತ್ತಿನ ನಡುವೆ ಕೂಡ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಇಳಿಜಾರನ್ನು ಅಳಿಸಿ ಕೊನೆಯ ನುಡಿಯನ್ನೂ ತೊಂಬತ್ತಕ್ಕೇ ಬಿಟ್ಟೆ.

ಅವನ ಮಂಚದ ಬಳಿ ಸ್ಪೀಕರು ಇಟ್ಟು ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದ. ಬೆರಳು ಹಾಸಿಗೆಯ ಮೇಲೆ ಹೆಜ್ಜೆ ಹಾಕುತ್ತಿತ್ತು. ನಡುವೆ ನಿಂತಿತು.

"ಇಂವ ಉಸರ ಎಲ್ಲಿ ತಗೋತಾನ?"

"ತಗದೀನಿ ಮಾವಾ. ಕೇಳಾಕ ಚಂದ ಇರಲಿಲ್ಲ."

"ಹಂಗಾ" ಎಂದ. ಪದ ಮುಗಿದ ಮೇಲೆ, "ಛಲೋ ಹಾಡ್ಯಾನ" ಎಂದ. ಹಾಡೀನಿ ಎನ್ನಲಿಲ್ಲ.

ಕೊನೆಯ ನುಡಿ ಇಳಿಯಲಿಲ್ಲ ಎಂದು ನಾನೇ ಹೇಳಿದೆ. ಏನೇನೋ ಕಾರಣ ಹೇಳತೊಡಗಿದ್ದೆ, ಅವನು ಕೈ ಅಲ್ಲಾಡಿಸಿ ನಿಲ್ಲಿಸಿದ. "ಇರ್ಲಿ ಬಿಡು. ನಾ ಅಲ್ಲೇ ಕುಂತಿರ್ತೀನಲ್ಲ. ದಸ್ತಿ ಎತ್ತೀನಂದ್ರ ಅವ್ರು ಕಾಲು ಇಳಸ್ತಾರ. ಪದ ಹೆಂಗಾದ್ರೂ ಓಡ್ಲಿ, ಕಾಲು ನನ್ನ ಕೈಯಾಗ ಅದಾವು." ಅವನ ಮುಖದಲ್ಲಿ ಆಗ ಒಂದು ಬಗೆಯ ಗೆಲುವಿತ್ತು. ಡಬ್ಬಿಗೆ ದನಿ ಕೊಟ್ಟರೂ ವೇಗ ತನ್ನದೇ ಎಂದು ಅವನು ನಂಬಿದ್ದ. ನಾನೂ ನಂಬಿದೆ ಎಂದರೆ ಸುಳ್ಳಾಗುತ್ತದೆ, ಆದರೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ.

ಹಬ್ಬದ ಸಂಜೆ ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರಿಗೆ ಗೊತ್ತಾದರೆ ನನ್ನ ಚರ್ಮ ಸುಲಿಯುತ್ತಿದ್ದರು. ಅತ್ತೆ ಮಾವನಿಗೆ ಒಗೆದ ಬಿಳಿ ಅಂಗಿ ತೊಡಿಸಿ, ಜೇಬಿಗೆ ಹಸಿರು ದಸ್ತಿ ಇಟ್ಟಳು. ಆಮ್ಲಜನಕದ ಸಣ್ಣ ಸಿಲಿಂಡರು ನನ್ನ ತೊಡೆಯ ಮೇಲೆ. ಮಳೆ ಬಂದು ನಿಂತಿತ್ತು, ಬಯಲೆಲ್ಲ ಕೆಸರು, ಅದಕ್ಕೆ ಸಿಮೆಂಟಿನ ಖಾಲಿ ಚೀಲ ಹಾಸಿದ್ದರು. ಇನ್ನೂ ಹೊತ್ತು ಮುಳುಗಿರಲಿಲ್ಲ. ಕೆಲಸದಿಂದ ನೇರ ಬಂದವರ ಕಾಲಿಗೆ ಇನ್ನೂ ಗಾರೆ ಮೆತ್ತಿತ್ತು, ಅದರ ಮೇಲೇ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದರು. ಎಲ್ಲರೂ ಬಂದು ಮಾವನ ಕಾಲು ಮುಟ್ಟಿದರು. ಕುಣಿಯ ಹೊಗೆ ತಾಗದಂತೆ ಆ ಕಡೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಮೇಸ್ತ್ರಿ ಮೈಕಿನಲ್ಲಿ, "ನಮ್ಮ ಕಾಕಾರ ದನೀ ಕೇಳ್ರಪಾ!" ಎಂದು ಕೂಗಿ ಹಾಡು ಹಚ್ಚಿದ.

ಹೆಜ್ಜೆ ಕೂತಿತು. ಅದನ್ನು ಒಪ್ಪಿಕೊಳ್ಳಬೇಕು, ಒಂದು ಎಳೆಯೂ ಆಚೀಚೆ ಆಗಲಿಲ್ಲ. ಸುತ್ತು ತಿರುಗತೊಡಗಿತು, ದಸ್ತಿಗಳು ಹಾರಿದವು, ಹಿಂದೆ ಹೇಳುವವರ ದನಿ ಎದ್ದಿತು. ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಮೂಗಿಗೆ ಕೊಳವೆ ಇದ್ದರೂ ಅವನ ತುಟಿ ಪ್ರತಿ ಸಾಲಿಗೂ ಆಡುತ್ತಿತ್ತು. ಸಾಲು ಮುಗಿಸಲು ಅವನಿಂದ ಆಗುತ್ತಿರಲಿಲ್ಲ, ಅರ್ಧಕ್ಕೇ ಉಸಿರು ಎಳೆದುಕೊಳ್ಳುತ್ತಿದ್ದ, ಅಷ್ಟರಲ್ಲಿ ಡಬ್ಬಿಯವನು ಮುಂದಿನ ಸಾಲಿಗೆ ಹೋಗಿರುತ್ತಿದ್ದ.

ಕೊನೆಯ ನುಡಿ ಬಂತು. ಮಾವ ಜೇಬಿನಿಂದ ದಸ್ತಿ ತೆಗೆದು ನೆತ್ತಿಯ ಮೇಲೆ ಎತ್ತಿ ಹಿಡಿದ.

ಹಳಬರು ನಾಲ್ಕಾರು ಮಂದಿ ನೋಡಿದರು, ನೋಡಿದ ಕೂಡಲೆ ಕಾಲು ಇಳಿಸಿದರು. ಉಳಿದವರ ಕಿವಿ ಡಬ್ಬಿಯ ಕಡೆ ಇತ್ತು. ನಿಧಾನವಾದವರ ಬೆನ್ನಿಗೆ ಓಡುತ್ತಿದ್ದವರು ಬಂದು ಬಡಿದರು. ಒಬ್ಬ ಕೆಸರಿಗೆ ಕೂತೇಬಿಟ್ಟ, ಯಾರೋ ನಕ್ಕರು, ಯಾರೋ ಬೈದರು, ಸುತ್ತು ಒಡೆಯಿತು. ಹೆಜ್ಜೆ ತಪ್ಪಿತೆಂದು ಗಾಬರಿಯಾದ ಮೇಸ್ತ್ರಿ ಓಡಿಹೋಗಿ ಡಬ್ಬಿಯ ಸದ್ದು ಏರಿಸಿದ. ಮಾವನ ದನಿ ಬಯಲು ತುಂಬ ಹೊಡೆಯಿತು. ಹಳಬರು ಒಮ್ಮೆ ಕುರ್ಚಿಯ ಕಡೆ, ಒಮ್ಮೆ ಡಬ್ಬಿಯ ಕಡೆ ನೋಡಿದರು. ಆಮೇಲೆ ಅವರೂ ತಲೆ ತಗ್ಗಿಸಿ ಓಡುವ ಹೆಜ್ಜೆಗೆ ಸೇರಿಕೊಂಡರು.

ಮಾವನ ಕೈ ಇನ್ನೂ ಮೇಲೆಯೇ ಇತ್ತು. ಬಾಯಾರಿದ ಕೂಸಿನ ನುಡಿ ಅವನ ಮುಂದೆಯೇ ಅವನ ದನಿಯಲ್ಲೇ ಓಡಿ ಓಡಿ ಮುಗಿಯಿತು. ಆಮೇಲೂ ಅವನು ಕೈ ಇಳಿಸದಿದ್ದಾಗ ನಾನು ಮೆಲ್ಲಗೆ ಹಿಡಿದು ಇಳಿಸಿದೆ. ಅವನು ದಸ್ತಿಯಿಂದ ಬಾಯಿ ಒರೆಸಿಕೊಂಡು ಅದನ್ನು ಮಡಚಿ ಜೇಬಿಗೆ ಇಟ್ಟುಕೊಂಡ. ಜನ ಚಪ್ಪಾಳೆ ತಟ್ಟಿದರು, ಮತ್ತೊಮ್ಮೆ ಹಚ್ಚು ಎಂದು ಕೂಗಿದರು. ಮತ್ತೊಮ್ಮೆ ಹಚ್ಚುವಷ್ಟರಲ್ಲಿ ನಾವು ಆಟೋ ಹತ್ತಿದ್ದೆವು.

ದಾರಿಯಲ್ಲಿ ನಾನು ಏನೇನೋ ಒದರಿದೆ. ಮೇಸ್ತ್ರಿಗೆ ಬುದ್ಧಿ ಇಲ್ಲ, ಹುಡುಗರಿಗೆ ಕಣ್ಣಿಲ್ಲ ಎಂದೆಲ್ಲ ಬೈದೆ. ಮಾವ ಹೊರಗೆ ನೋಡುತ್ತ ಕೂತಿದ್ದ.

"ಅವ್ರಿಗೇನ್ ಬೈತಿ" ಎಂದ ತಡೆತಡೆದು. "ಪದಕ್ಕಽ ತಿಳೀಲಿಲ್ಲ. ನಾ ಅಲ್ಲೇ ಕುಂತೀನಿ ಅಂತ."

ಅವತ್ತಿನಿಂದ ಅವನು ಹಾಡಿನ ಮಾತೆತ್ತಿಲ್ಲ. ಕೂತಲ್ಲಿ ಗುನುಗುತ್ತಿದ್ದದ್ದೂ ನಿಂತಿತು. ನಾನು ಒಮ್ಮೆ, ಎಪ್ಪತ್ತರಲ್ಲಿ ಹಾಡಿದ್ದು ಹಾಗೇ ಇದೆ ಮಾವಾ, ಉಸಿರು ಸಮೇತ, ಕೇಳುತ್ತೀಯಾ ಎಂದು ಕೇಳಿದೆ. ಬೇಡ ಎಂದು ತಲೆ ಆಡಿಸಿದ. ಅತ್ತೆಯನ್ನು ಕೇಳಿದೆ. ಅವಳು, "ಉಸರ ಕೇಳಾಕ ಕಂಪ್ಯೂಟರ್ ಯಾಕ ಬೇಕೋ, ದಿನಾ ಮಗ್ಗಲಾಗ ಕೇಳಾಕತ್ತೀನಿ" ಎಂದಳು. ಸಿಟ್ಟಿನಿಂದ ಅಂದದ್ದಲ್ಲ. ಇನ್ನೇನು ಒಳ್ಳೆಯದಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿಲ್ಲ. ಡಾಕ್ಟರು ಯಂತ್ರದ ಮುಳ್ಳನ್ನು ಪ್ರತಿ ಸಲ ಒಂದಿಷ್ಟು ಏರಿಸಿ ಕಳಿಸುತ್ತಾರೆ. ನಾನು ಮನೆ ಖರ್ಚಿಗೆಂದು ಡಿಜೆ ಹಾಡುಗಳ ಅಂಕಿ ಏರಿಸುತ್ತೇನೆ.

ಆ ಪದ ಮಾತ್ರ ನಡೆಯಿತು. ಆ ಬಯಲಿನಿಂದ ಫೋನಿಂದ ಫೋನಿಗೆ ಹೋಗಿ ನಮ್ಮ ಊರ ಕಡೆಗೂ ಮುಟ್ಟಿದೆಯಂತೆ. ಹಾಡಿದವನು ತೀರಿಕೊಂಡಿದ್ದಾನೆ ಎಂದು ಕೆಲವರು ತಿಳಿದುಕೊಂಡಿದ್ದಾರಂತೆ. ಅದನ್ನೂ ಮೇಸ್ತ್ರಿಯೇ ನಗುತ್ತ ಹೇಳಿದ.

ಈ ವರ್ಷ ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಅವನ ಫೋನು ಬಂತು. ನಾನು ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆಯೇ ಇದ್ದೆ. ಅವನ ದನಿ ಭಾಳ ಜೋರು, ಸ್ಪೀಕರಿಗೆ ಹಾಕದಿದ್ದರೂ ಮನೆಗೆಲ್ಲ ಕೇಳುತ್ತದೆ.

"ಅಣ್ಣಾರ, ಕಾಕಾರ ಪದ ಐತಲ್ರಿ, ಅದನ್ನ ಇನ್ನೊಂದಿಷ್ಟು ಜೋರು ಮಾಡಿಕೊಡ್ರಿ. ಹುಡುಗ್ರಿಗೆ ಮೆಲ್ಲಕ ಅನಸ್ತೈತಂತ."

ನನ್ನ ಮೈಯೆಲ್ಲ ಉರಿಯಿತು. ಬಾಯಿಗೆ ಬಂದ ಬೈಗುಳ ಇನ್ನೇನು ಹೊರಗೆ ಬೀಳಬೇಕು, ಒಳಕೋಣೆಯಿಂದ ಮಾವ ಮಂಚಕ್ಕೆ ಬೆರಳಿಂದ ಬಡಿದ. ನನ್ನನ್ನು ಕರೆಯಬೇಕಾದರೆ ಈಗ ಹಾಗೇ ಕರೆಯುತ್ತಾನೆ. ಫೋನು ಮುಚ್ಚಿ ಹಿಡಿದು ಬಾಗಿಲ ಬಳಿ ಹೋದೆ. ದಿಂಬಿಗೆ ಒರಗಿ ಕೂತಿದ್ದ. ಮಾತು ಹೊರಡಿಸಲು ಎರಡು ಸಲ ಉಸಿರು ಕೂಡಿಸಿಕೊಂಡ.

"ಮಾಡಿಕೊಡು" ಎಂದ. "ಬಾಗಲಾ ಅಷ್ಟು ಹಾಕ್ಕೊಂಡು ಮಾಡು."